ಒಂಬತ್ತನೇ ಕ್ಲಾಸ್ ಫೇಲ್ ಎನ್ನುವ ಅರ್ಹತೆ

ಗೆಳೆಯರೇ, ಶಾಲೆ ಬಿಟ್ಟಿದ್ದಕ್ಕೆ ಇವತ್ತು ಮೊದಲ ಸಲ ಮರ್ಯಾದೆ ಸಿಕ್ಕಿತು. ಪಕ್ಕದ ಮನೆಯ ಸವಿತಾಳಿಗೆ ಕಣ್ಣು ಕಾಣುವುದಿಲ್ಲ. ಎಸ್ಸೆಸ್ಸೆಲ್ಸಿ ಪರೀಕ್ಷೆಯಲ್ಲಿ ಅವಳು ಹೇಳಿದ್ದನ್ನು ಬರೆಯುವವನು ಅವಳಿಗಿಂತ ಕಡಿಮೆ ಓದಿರಬೇಕಂತೆ. ನಾನು ಹೋದೆ.

ವಿನೋಬನಗರದ ಕೇಂದ್ರದಲ್ಲಿ ಮೇಲ್ವಿಚಾರಕರು ನನ್ನ ಮೀಸೆ ನೋಡಿದರು. "ನಿಜವಾಗ್ಲೂ ಒಂಬತ್ತು ಫೇಲಾ? ಪ್ರೂಫ್ ತೋರಿಸು, ಇಲ್ಲಾಂದ್ರೆ ಅವಳನ್ನೂ ಕೂರಿಸಲ್ಲ."

ಮಾರ್ಕ್ಸ್ ಕಾರ್ಡ್ ಕೊಟ್ಟೆ. ಗಣಿತದ ಅಂಕ ನೋಡಿ, ತಕ್ಷಣ ಒಳಗೆ ಬಿಟ್ಟರು.

ಕನ್ನಡ ಪತ್ರಿಕೆ. ಪತ್ರಲೇಖನದ ವಿಳಾಸಕ್ಕೆ "ಭದ್ರಾವತಿ" ಎಂದ ಸವಿತಾ, ನನ್ನನ್ನು ಬಲ್ಲವಳಾದ್ದರಿಂದ, "ಅಣ್ಣಾ, ಹೊಟ್ಟೆ ಸೀಳು" ಎಂದೂ ಸೇರಿಸಿದಳು.

ಮೇಲ್ವಿಚಾರಕರು ಓಡಿಬಂದರು. "ಏನಯ್ಯಾ, ಉತ್ತರ ಹೇಳಿಕೊಡ್ತಿದೀಯಾ?"

"ಭ ಅಕ್ಷರದ ಹೊಟ್ಟೆ ಸಾರ್. ಅವಳೇ ನನಗೆ ಹೇಳಿಕೊಡ್ತಿದಾಳೆ."

ಮೂರು ಗಂಟೆ ಹೀಗೇ ಕಲಿತೆ. ಇದೇ ರೀತಿ ಮುಂದುವರಿದರೆ ನನ್ನ ಅರ್ಹತೆಯೇ ಹೋಗುತ್ತದೆ. ಪುಣ್ಯಕ್ಕೆ ಮುಂದಿನದು ಗಣಿತ.