ಅಂಕುಡೊಂಕಾಗಿ ಕತ್ತರಿಸಿದ ಕರಾರುಪತ್ರ

ಕೊಲ್ಲಿ ನಾಡಿನ ಈ ಊರಲ್ಲಿ, ಹಮ್ದಾನ್ ಸ್ಟ್ರೀಟಿನ ಹಿಂದಿನ ಗಲ್ಲಿಯಲ್ಲಿರುವ ಫ್ರೇಮಿನ ಅಂಗಡಿಯಲ್ಲಿ ನಾನು ಹನ್ನೊಂದು ವರ್ಷಗಳಿಂದ ಕೆಲಸ ಮಾಡುತ್ತಿದ್ದೇನೆ. ಅಂಗಡಿ ನಮ್ಮ ಉಡುಪಿ ಕಡೆಯ ಬ್ಯಾರಿಯೊಬ್ಬರದ್ದು. ಹಜ್ ಮುಗಿಸಿ ಬಂದ ಮೇಲೆ ಗಲ್ಲಿಯವರೆಲ್ಲ ಅವರನ್ನು ಹಾಜಿಯವರೆಂದೇ ಕರೆಯುತ್ತಾರೆ. ಮರ ಕೊಯ್ಯುವುದು, ಗಾಜು ಕತ್ತರಿಸುವುದು ಅವರ ಪಾಲು. ಕಾಗದ, ಕಸೂತಿ, ಹಳೆಯ ಫೋಟೊ, ಹೀಗೆ ಕೈ ಹಗುರವಾಗಿ ಇರಬೇಕಾದದ್ದೆಲ್ಲ ನನ್ನದು.

ನಾನು ಹುಟ್ಟಾ ಸಂಶಯದವಳಲ್ಲ. ಆದರೆ ಕೆಲವು ವರ್ಷಗಳ ಹಿಂದೆ ಒಬ್ಬ ಹಳೆಯ ನಕಾಶೆಯೊಂದನ್ನು ತಂದು ನಮ್ಮಲ್ಲಿ ಫ್ರೇಮು ಹಾಕಿಸಿಕೊಂಡು ಹೋದ. ತಿಂಗಳೊಳಗೆ ಅದನ್ನು ಕೊಂಡವನು ಅಂಗಡಿಗೆ ಬಂದು ಕೂಗಾಡಿದ. ನಕಾಶೆಗೆ ಚಹಾದ ನೀರು ಬಳಿದು ಹಳತು ಮಾಡಿದ್ದರಂತೆ. ಫ್ರೇಮಿನ ಹಿಂದೆ ನಮ್ಮ ಅಂಗಡಿಯ ಚೀಟಿ ಅಂಟಿದ್ದರಿಂದ ನಾವೂ ಪಾಲುದಾರರೆಂದು ಅವನ ತೀರ್ಮಾನ. ಅವನನ್ನು ಸಮಾಧಾನ ಮಾಡಿ ಕಳಿಸುವಷ್ಟರಲ್ಲಿ ಹಾಜಿಯವರ ಬಿ.ಪಿ. ಏರಿತ್ತು. ಅಂದಿನಿಂದ ಯಾವ ಹಳೆಯ ಕಾಗದ ಬಂದರೂ ಮೊದಲು ಮೂಸಿ ನೋಡುವುದು ನನಗೆ ಅಭ್ಯಾಸವಾಯಿತು.

ಹೋದ ವರ್ಷ ಬೇಸಿಗೆಗೆ ಸ್ವಲ್ಪ ಮುಂಚೆ, ಎಪ್ಪತ್ತರ ಹತ್ತಿರದ ಇಂಗ್ಲಿಷ್ ಮನುಷ್ಯರೊಬ್ಬರು ತೆಳ್ಳನೆಯ ರಟ್ಟಿನ ಪೆಟ್ಟಿಗೆ ಹಿಡಿದು ಬಂದರು. ಅಲ್ ರೀಮ್ ಐಲ್ಯಾಂಡಿನಲ್ಲಿ ಮನೆ, ಕಾಲೇಜಿನಲ್ಲಿ ಚರಿತ್ರೆ ಕಲಿಸಿ ನಿವೃತ್ತರಾದವರು ಎಂದು ತಾವೇ ಹೇಳಿಕೊಂಡರು. ಪೆಟ್ಟಿಗೆಯಲ್ಲಿ ಒಂದೇ ಒಂದು ಹಾಳೆ. ದಪ್ಪ ಕಾಗದ, ಕಂದು ಶಾಯಿ, ಕೆಳಗೆ ಮೇಣದ ಮುದ್ರೆಯ ಕಲೆ, ಅದರ ಪಕ್ಕದಲ್ಲಿ ಸಹಿಯ ಬದಲು ಗೀಚಿದ ಒಂದು ಗುರುತು.

"ಅಂಟು ಹಾಕಬಾರದು, ಟೇಪ್ ಹಚ್ಚಬಾರದು. ಮೇಲಿನ ಅಂಚನ್ನಂತೂ ಮುಟ್ಟಲೇಬಾರದು" ಎಂದರು.

ಮೂಸಿದೆ, ಚಹಾದ ವಾಸನೆ ಇರಲಿಲ್ಲ. ಆದರೆ ಆ ಮೇಲಿನ ಅಂಚು! ಉಳಿದ ಮೂರು ಬದಿಗಳು ನೆಟ್ಟಗಿದ್ದರೆ ಅದೊಂದು ಮಾತ್ರ ಅಲೆಯಲೆಯಾಗಿ ಕತ್ತರಿಸಿದಂತಿತ್ತು. ಅಂಚಿನುದ್ದಕ್ಕೂ ಅರ್ಧಕ್ಕೆ ತುಂಡಾದ ಅಕ್ಷರಗಳು. ಅವರು ಹೋದ ಮೇಲೆ ಹಾಜಿಯವರು ಬಂದು ಇಣುಕಿದರು.

"ಎಂತ ಅಕ್ಕ, ಪೇಪರ್ ಸರಿ ಉಂಟಾ?"

"ಸರಿ ಉಂಟು. ಆದ್ರೆ ಇದು ಯಾವುದೋ ಪುಸ್ತಕದಿಂದ ಕತ್ತರಿಸಿದ ಹಾಗೆ ಕಾಣ್ತದೆ ಹಾಜಿಯವ್ರೆ. ಅವಸರದಲ್ಲಿ, ಯಾರಾದ್ರೂ ನೋಡ್ತಾರಾ ಅಂತ ಹೆದರಿ ಕತ್ತರಿಸಿದ್ರೆ ಹೀಗೇ ಆಗೋದು."

"ಕದ್ದದ್ದು ಅಂತೀರಾ?"

"ಇಷ್ಟು ದೊಡ್ಡ ದೊಡ್ಡ ಗ್ಯಾಲರಿಗಳೆಲ್ಲ ಇರುವಾಗ ನಮ್ಮ ಗಲ್ಲಿಗೆ ಯಾಕೆ ಬರ್ಬೇಕಿತ್ತು ಅವರು?"

ಹಾಜಿಯವರು ಗಡ್ಡ ಕೆರೆದುಕೊಂಡರು. "ಒಪ್ಪಿಕೊಂಡಾಗಿದೆ, ಮಾಡಿ ಕೊಡುವ. ಆದ್ರೆ ಹಿಂದೆ ನಮ್ಮ ಚೀಟಿ ಬೇಡ."

ಅವರು ಗಾಜು ಕೊಯ್ಯಲು ಹೋದಾಗ ನಾನು ಮೊಬೈಲ್ ತೆಗೆದು ಆ ಹಾಳೆಯ ಮುಂದೆ, ಹಿಂದೆ, ನಾಲ್ಕೂ ಮೂಲೆ, ಆ ಅಂಚು ಎಲ್ಲದರ ಫೋಟೊ ತೆಗೆದುಕೊಂಡೆ. ನಾಳೆ ಯಾರಾದರೂ ಕೇಳಿದರೆ, ನಮ್ಮ ಕೈಗೆ ಬಂದದ್ದೇ ಹೀಗೆ ಎಂದು ತೋರಿಸಲಿಕ್ಕೆ. ಗಿರಾಕಿಯ ವಸ್ತುವನ್ನು ಕೇಳದೆ ಫೋಟೊ ತೆಗೆಯುವುದು ಸರಿಯಲ್ಲ, ಗೊತ್ತು. ಆದರೂ ತೆಗೆದೆ. ಆಮೇಲೆ ಕುಂಚದಿಂದ ಧೂಳು ಕೊಡವಿದೆ. ಎಡಗಡೆ ಕೆಳಮೂಲೆಯಲ್ಲಿ ಪೆನ್ಸಿಲ್ಲಿನ ಒಂದು ಸಣ್ಣ ಚುಕ್ಕೆ ಇತ್ತು. ಮೆತ್ತನೆಯ ರಬ್ಬರಿನಿಂದ ಅದನ್ನೂ ಒರೆಸಿ ತೆಗೆದೆ.

ನಾಲ್ಕನೆಯ ದಿನ ಆ ಮನುಷ್ಯರು ಬಂದರು. ಫ್ರೇಮನ್ನು ಕೈಗೆ ತೆಗೆದುಕೊಂಡವರು ಮೇಲಿನ ಅಂಚನ್ನು ನೋಡಲೇ ಇಲ್ಲ. ಜೇಬಿನಿಂದ ಭೂತಗನ್ನಡಿ ತೆಗೆದು ಎಡಗಡೆಯ ಕೆಳಮೂಲೆಗೆ ಹಿಡಿದರು. ಕಿಟಕಿಯ ಬೆಳಕಿಗೆ ಹೋಗಿ ಮತ್ತೆ ನೋಡಿದರು. ಮುಖ ಬಿಳಿಚಿಕೊಂಡಿತು.

"ಇದು ನನ್ನ ಕಾಗದ ಅಲ್ಲ."

ನನಗೆ ಮೊದಲು ಅರ್ಥವೇ ಆಗಲಿಲ್ಲ. ಹಾಜಿಯವರು ಒಳಗಿನಿಂದ ಓಡಿ ಬಂದು ಆಣೆ ಹಾಕಿದರು. "ಸರ್, ಸೇಮ್ ಪೇಪರ್ ಸರ್! ವಲ್ಲಾ, ಸೇಮ್ ಪೇಪರ್!"

"ನಕಲು ಮಾಡಿದ್ದೀರಿ. ಅಸಲು ಎಲ್ಲಿದೆ ಹೇಳಿ. ಇಲ್ಲದಿದ್ದರೆ ಪೊಲೀಸರನ್ನು ಕರೆಯುತ್ತೇನೆ."

ಪೊಲೀಸ್ ಎಂಬ ಮಾತು ಕೇಳಿದರೆ ಈ ಊರಲ್ಲಿ ನಮ್ಮಂಥವರಿಗೆ ಮೊದಲು ಕಣ್ಣ ಮುಂದೆ ಬರುವುದು ವೀಸಾ. ಫೋಟೊಗಳ ನೆನಪೇನೋ ಆಯಿತು, ಆದರೆ ತೋರಿಸಿದರೆ ಯಾಕೆ ತೆಗೆದೆ ಎಂದು ಹೇಳಬೇಕಾಗುತ್ತದೆ. ಹಾಜಿಯವರ ಮುಖ ನೋಡಿದೆ. ಮೊಬೈಲನ್ನು ಆ ಮನುಷ್ಯರ ಮುಂದೆ ಹಿಡಿದೆ.

ಅವರು ಒಂದೊಂದೇ ಫೋಟೊ ಹಿಗ್ಗಿಸಿ ನೋಡುತ್ತಾ ಬಂದು, ಎಡಮೂಲೆಯದರಲ್ಲಿ ನಿಂತರು. "ಈ ಚುಕ್ಕೆ ಏನಾಯಿತು?"

"ಕೊಳೆ ಅಂತ ನಾನೇ ಒರೆಸಿದೆ."

ಅವರು ಭೂತಗನ್ನಡಿ ತೆಗೆದುಕೊಂಡು ಫೋಟೊದಲ್ಲಿನ ಕಾಗದದ ಎಳೆಗಳನ್ನೂ ಕಲೆಗಳನ್ನೂ ಫ್ರೇಮಿನೊಳಗಿನದಕ್ಕೆ ಹೋಲಿಸಿ ಬಹಳ ಹೊತ್ತು ನೋಡಿದರು. ಆಮೇಲೆ ಸ್ಟೂಲು ಎಳೆದುಕೊಂಡು ಕುಳಿತರು.

"ಚುಕ್ಕೆ ಇಟ್ಟವನು ನಾನು. ನೀವು ಕಾಗದ ಬದಲಾಯಿಸಿದರೆ ಗೊತ್ತಾಗಲಿ ಎಂದು." ಮೊಬೈಲ್ ನನ್ನ ಕೈಗೆ ಕೊಟ್ಟು ಕೇಳಿದರು, "ನೀವು ಇಷ್ಟೊಂದು ಫೋಟೊ ಯಾಕೆ ತೆಗೆದಿರಿ?"

"ನೀವು ಪುಸ್ತಕದಿಂದ ಕದ್ದು ಕತ್ತರಿಸಿದ್ದು ಅಂತ ತಿಳಿದು."

ಹಾಜಿಯವರು ಕಣ್ಣು ಮುಚ್ಚಿಕೊಂಡರು. ಆದರೆ ಆ ಮನುಷ್ಯರಿಗೆ ಸಿಟ್ಟು ಬರಲಿಲ್ಲ. ಜೋರಾಗಿ ನಕ್ಕರು. ಹಾಜಿಯವರು ಪಕ್ಕದ ಹೋಟೆಲಿಗೆ ಮೂರು ಸುಲೈಮಾನಿ ಹೇಳಿದರು.

ಚಹಾ ಕುಡಿಯುತ್ತಾ ಅವರು ಕಾಗದದ ಕತೆ ಹೇಳಿದರು. ಇಂಗ್ಲೆಂಡಿನವರು ಅಮೆರಿಕದ ವರ್ಜೀನಿಯಾದಲ್ಲಿ ಹೊಸದಾಗಿ ವಸಾಹತು ಕಟ್ಟಿದ ಕಾಲದ್ದು ಅದು. ಹಡಗಿನ ಖರ್ಚು ಕೊಡಲಾಗದ ಒಬ್ಬಳು ಹೆಂಗಸು, ಆ ಖರ್ಚು ಹಾಕಿದ ಯಜಮಾನನಿಗೆ ನಾಲ್ಕು ವರ್ಷ ದುಡಿಯುತ್ತೇನೆಂದು ಒಪ್ಪಿಕೊಂಡ ಕರಾರು. ಕೆಳಗಿನ ಗುರುತು ಅವಳದ್ದು. ಒಂದೇ ಹಾಳೆಯಲ್ಲಿ ಒಕ್ಕಣೆಯನ್ನು ಎರಡು ಸಲ ಬರೆದು, ನಡುವೆ ಕೆಲವು ಅಕ್ಷರ ಬರೆದು, ಅವುಗಳ ಮೇಲೆಯೇ ಅಂಕುಡೊಂಕಾಗಿ ಕತ್ತರಿಸುತ್ತಿದ್ದರಂತೆ. ಯಜಮಾನನಿಗೊಂದು, ಆಳಿಗೊಂದು. ಜಗಳ ಬಂದಾಗ ಎರಡೂ ತುಂಡು ಒಂದಕ್ಕೊಂದು ಕೂಡಿದರೆ ಅಸಲು, ಕೂಡದಿದ್ದರೆ ಮೋಸ.

"ಇಬ್ಬರಿಗೂ ನಂಬಿಕೆ ಇರಲಿಲ್ಲ ಅಂತಾಯ್ತು" ಎಂದೆ.

"ಹೌದು, ಆ ಕತ್ತರಿ ಹಾಕಿದ್ದೇ ಅದಕ್ಕಾಗಿ."

ವರ್ಜೀನಿಯಾದಲ್ಲಿ ಆಗ ನಾಣ್ಯ ಅಪರೂಪವಂತೆ. ಹೊಗೆಸೊಪ್ಪೇ ಹಣ. ತೆರಿಗೆಗೂ ಅದೇ, ಪಾದ್ರಿಯ ಸಂಬಳಕ್ಕೂ ಅದೇ. ಸಮುದ್ರ ದಾಟಿಸಿ ಒಬ್ಬರನ್ನು ಕರೆತಂದವನಿಗೆ, ತಲೆಗಿಷ್ಟು ಎಂದು ಜಮೀನು ಸಿಗುತ್ತಿತ್ತು.

"ಜಮೀನು ಕರೆತಂದವನಿಗಾ? ಬಂದವಳಿಗೆ ಎಂತದು?"

"ಅವಧಿ ಮುಗಿದ ಮೇಲೆ ಒಂದಿಷ್ಟು ಮೆಕ್ಕೆಜೋಳ, ಒಂದು ಜೊತೆ ಬಟ್ಟೆ. ನಡುವೆ ಓಡಿಹೋದರೆ ಅವಧಿ ಉದ್ದವಾಗುತ್ತಿತ್ತು. ಮಗು ಹೆತ್ತರೂ ಅಷ್ಟೇ."

ನಾನು ಕನ್ನಡದಲ್ಲಿ ಹೇಳುತ್ತಾ ಬಂದದ್ದನ್ನು ಕೇಳುತ್ತಿದ್ದ ಹಾಜಿಯವರು ನನ್ನ ಕಡೆ ತಿರುಗಿ, "ಪೇಪರ್ ಕಳೆದುಹೋದ್ರೆ ಅವಳು ಯಾರ ಹತ್ತಿರ ಹೋಗ್ಬೇಕು ಅಂತ ಕೇಳಿ ಅಕ್ಕ" ಎಂದರು. ಕೇಳಿದೆ.

"ಕೋರ್ಟಿಗೆ ಹೋಗಬಹುದಿತ್ತು. ಆದರೆ ಅಲ್ಲಿ ಕುಳಿತವರೂ ಆಳುಗಳನ್ನು ಇಟ್ಟುಕೊಂಡ ಜಮೀನುದಾರರೇ. ಶಾಸನಸಭೆಗೆ ಆರಿಸಿ ಹೋಗುತ್ತಿದ್ದವರೂ ಅವರೇ."

ನಾನು ಅದನ್ನು ಕನ್ನಡಕ್ಕೆ ತಂದು ಹೇಳಿದೆ. ಹಾಜಿಯವರು ಲೋಟ ಕೆಳಗಿಟ್ಟರು. ಅವರು ಈ ದೇಶಕ್ಕೆ ಬಂದ ಹೊಸತರಲ್ಲಿ ಅವರ ಪಾಸ್‌ಪೋರ್ಟು ಬೇರೊಬ್ಬರ ಕಪಾಟಿನಲ್ಲಿ ಎಷ್ಟು ವರ್ಷ ಇತ್ತೆಂಬುದನ್ನು ನಾನು ಬಲ್ಲೆ.

"ಇದು ನಿಮ್ಮ ಕೈಗೆ ಹೇಗೆ ಬಂತು?" ಎಂದು ನಾನು ಕೇಳಿಯೇಬಿಟ್ಟೆ.

"ಅವಳು ನಮ್ಮ ವಂಶದವಳು. ಅಜ್ಜಿಯ ಪೆಟ್ಟಿಗೆಯಲ್ಲಿ ಇತ್ತು" ಎಂದರು. ಹಾಗೆ ಹೇಳುವಾಗ ಅವರ ದನಿ ಒದ್ದೆಯಾಗಿತ್ತು. ನನಗೆ ನಾಚಿಕೆಯಾಯಿತು. ಮನೆಯ ಹಿರಿಯಳ ಗುರುತನ್ನು ಕಾಪಾಡಿಕೊಂಡು ಬಂದವರನ್ನು ಕಳ್ಳ ಅಂದುಕೊಂಡೆನಲ್ಲ! ಆ ವಾರ ನಾನೇ ಹಟ ಹಿಡಿದು, ಫ್ರೇಮನ್ನು ಅವರ ಮನೆಗೆ ಒಯ್ದು ಗೋಡೆಗೆ ಹಾಕಿ ಬರೋಣವೆಂದು ಹಾಜಿಯವರನ್ನು ಹೊರಡಿಸಿದೆ.

ಮೂವತ್ತೊಂದನೆಯ ಮಹಡಿ. ಬಿಸಿಲು ಬೀಳದ ಗೋಡೆಯೊಂದನ್ನು ನಾನು ತೋರಿಸಿದೆ. ಹಾಜಿಯವರು ಡ್ರಿಲ್ ಹಿಡಿದರು, ಆ ಮನುಷ್ಯರು ಏಣಿ ಹಿಡಿದರು. ಅವರ ಹೆಂಡತಿ ನನಗೆ ನಿಂಬೆ ಶರಬತ್ತು ತಂದುಕೊಟ್ಟು ಪಕ್ಕದಲ್ಲಿ ನಿಂತರು.

"ವಂಶದ ಹಿರಿಯಳ ಕಾಗದ ಇಷ್ಟು ಕಾಲ ಉಳಿದದ್ದು ದೊಡ್ಡ ವಿಷಯ" ಎಂದೆ.

ಆಕೆ ಗಂಡನ ಬೆನ್ನು ನೋಡಿ ನಕ್ಕರು. "ನಿಮಗೂ ಹಾಗೆ ಹೇಳಿದರಾ? ಅವರು ನಿವೃತ್ತರಾದಾಗ ಲಂಡನ್ನಿನ ಹರಾಜಿನಲ್ಲಿ ನಾನೇ ಕೊಂಡು ಕೊಟ್ಟದ್ದು ಅದು. ರಸೀದಿ ಈಗಲೂ ನನ್ನ ಹತ್ತಿರ ಇದೆ."

ಏಣಿ ಹಿಡಿದವರ ಕಿವಿ ಕೆಂಪಾಯಿತು. "ಕಾಗದದಲ್ಲಿರುವ ಹೆಸರೇ ನನ್ನ ಅಜ್ಜಿಯ ಮನೆತನದ್ದೂ" ಎಂದರು, ತಿರುಗದೆಯೇ. "ನಮ್ಮವಳೇ ಇರಬಹುದಲ್ಲ?"

"ಇರಬಹುದು" ಎಂದೆ.

ಲಿಫ್ಟಿನಲ್ಲಿ ಇಳಿಯುವಾಗ ಹಾಜಿಯವರಿಗೆ ಎಲ್ಲ ಬಿಡಿಸಿ ಹೇಳಿದೆ. ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಖಲಾಸ್, ಬಿಡಿ ಅಕ್ಕ. ಅಜ್ಜಿಯನ್ನು ರಸೀದಿ ಸಮೇತ ತಗೊಂಡದ್ದು ತಾನೆ? ಕದ್ದದ್ದು ಅಲ್ಲವಲ್ಲ!"

ನಾನೂ ನಕ್ಕೆ. ಆದರೆ ಆ ಹೆಂಗಸಿನ ನಾಲ್ಕು ವರ್ಷ ಮುಗಿಯಿತೇ, ಅವಳಿಗೆ ಜೋಳ, ಬಟ್ಟೆ ಸಿಕ್ಕಿತೇ ಎಂದು ಆ ಇಂಗ್ಲಿಷ್ ಮನುಷ್ಯರನ್ನು ಕೇಳಬೇಕೆಂದು ಬೆಳಿಗ್ಗೆಯಿಂದ ಮನಸ್ಸಿನಲ್ಲಿತ್ತು. ಕೇಳದೆಯೇ ಬಂದೆ. ಕೇಳಿದ್ದರೆ ಅವರು ಏನಾದರೊಂದು ಹೇಳುತ್ತಿದ್ದರು. ನಾನು ನಂಬುತ್ತಿರಲಿಲ್ಲ.