ಕಮಾನು ಬೀಳಿಸುವ ಪಾಠ

ವೇದವತಿಯವರ ಪಿಟೀಲು ಪಾಠ ಶುರುವಾಗುತ್ತಿದ್ದುದೇ ಕಮಾನನ್ನು ಕೆಳಗೆ ಬೀಳಿಸುವುದರಿಂದ. ಎಂಬತ್ತರ ದಶಕದ ಆ ವರ್ಷಗಳಲ್ಲಿ, ಶನಿವಾರ ಬೆಳಗ್ಗೆ ವಾಲ್ನಟ್ ಕ್ರೀಕಿನ ಅವರ ಅಪಾರ್ಟ್‌ಮೆಂಟಿಗೆ ಹೋದವರಿಗೆ ಮೊದಲು ಕೇಳಿಸುತ್ತಿದ್ದುದು ಸರಳೆ ವರಸೆಯಲ್ಲ, ಕಾರ್ಪೆಟ್ಟಿನ ಮೇಲೆ ಕಮಾನು ಬೀಳುವ ದೊಪ್ ದೊಪ್ ಸದ್ದು. ಅದರ ಹಿಂದೆಯೇ ಮಕ್ಕಳ ಕಿಸಿಕಿಸಿ ನಗು.

ಈ ಪದ್ಧತಿಯನ್ನು ಅವರಿಗೆ ಯಾರೂ ಕಲಿಸಿದ್ದಲ್ಲ. ಮೈಸೂರಿನಲ್ಲಿ ಅಪ್ಪನೇ ಗುರು. 'ಗಟ್ಟಿಯಾಗಿ ಹಿಡಿ' ಎಂದು ಗದರಿದ್ದೇ ಗದರಿದ್ದು. ಹಾಗೆ ಹಿಡಿದು ಹಿಡಿದು ಹರೆಯದಲ್ಲೇ ಮಣಿಕಟ್ಟು ಮರಗಟ್ಟಿ, ಕಛೇರಿಯ ಮಾತು ಅಲ್ಲಿಗೇ ನಿಂತಿತು. ಮದುವೆಯಾಗಿ ಗಂಡ ಗುರುಪ್ರಸಾದರ ಜೊತೆ ಈ ಪರದೇಶಕ್ಕೆ ಬಂದಮೇಲೆ ಪಾಠ ಹೇಳತೊಡಗಿದರು. ನೋಡಿದರೆ ಇಲ್ಲಿನ ಮಕ್ಕಳದೂ ಅದೇ ಕಥೆ. ಪುಸ್ತಕಕ್ಕೆ ಕಾಲು ತಗಲಿದರೆ ಕಣ್ಣಿಗೊತ್ತಿಕೊಳ್ಳಬೇಕು ಎಂದು ಮನೆಯಲ್ಲಿ ಹೇಳಿಸಿಕೊಂಡ ಮಕ್ಕಳು, ವಾದ್ಯವೆಂದರೆ ಸರಸ್ವತಿ, ಬಿದ್ದರೆ ಗತಿಯೇನು ಎಂದು ಕಮಾನನ್ನು ಬಸ್ಸಿನ ಕಂಬಿ ಹಿಡಿದಂತೆ ಹಿಡಿಯುತ್ತಿದ್ದರು. ಹೆದರಿದ ಕೈಯಲ್ಲಿ ನಾದ ಹುಟ್ಟೀತೆ? ಎಣ್ಣೆ ಕಾಣದ ಬಾಗಿಲಿನ ಕಿರ್ರು ಹುಟ್ಟುತ್ತಿತ್ತು. ಅದಕ್ಕೇ ಬೀಳಿಸಿ ಬೀಳಿಸಿ ಭಯ ಬಿಡಿಸುವ ಈ ಉಪಾಯ.

ಎಂಟು ವರ್ಷದ ಊರ್ಮಿಳಾಳ ಕೈ ಎಲ್ಲರಿಗಿಂತ ಬಿಗಿ. ಅಪ್ಪ, ಅಮ್ಮ ಇಬ್ಬರೂ ಓಕ್ಲ್ಯಾಂಡಿನಲ್ಲಿ ಡಾಕ್ಟರು. ತಿಂಗಳುಗಟ್ಟಲೆ ಬೀಳಿಸಿದ ಮೇಲೆ ಒಂದು ಶನಿವಾರ ಅವಳ ಬೆರಳು ಸಡಿಲಾಯಿತು, ಕಮಾನು ತನ್ನ ತೂಕದಲ್ಲೇ ತಂತಿಯ ಮೇಲೆ ಹರಿಯಿತು, ಷಡ್ಜ ತುಂಬಿಕೊಂಡು ಬಂತು. ವೇದವತಿಯವರ ಕಣ್ಣೂ ತುಂಬಿತು. ತಮಗೆ ಒಲಿಯದೆ ಹೋದದ್ದು ಈ ಮಗುವಿಗೆ ಒಲಿಯುತ್ತದೆ ಎಂದು ಅಂದೇ ಆಸೆ ಕಟ್ಟಿಕೊಂಡರು.

ಮರುವಾರ ಹುಡುಗಿಯ ಜೊತೆ ಅವಳ ಅಜ್ಜಿ ಮರಿತಾಯಮ್ಮ ಬಂದರು. ಮಂಡ್ಯ ಕಡೆಯವರು, ಮಗನ ಮನೆಗೆ ಮೊನ್ನೆ ಮೊನ್ನೆ ಬಂದಿದ್ದರು. ಮೊಮ್ಮಗಳ ಸಂಗೀತ ಕೇಳಲೆಂದು ರೇಷ್ಮೆ ಸೀರೆ ಉಟ್ಟು ಸೋಫಾದ ತುದಿಯಲ್ಲಿ ಕೂತಿದ್ದರು. ಊರ್ಮಿಳಾ ಕಮಾನು ಎತ್ತಿದಳು, ಬಿಟ್ಟಳು. ಮತ್ತೆ ಎತ್ತಿದಳು, ಬಿಟ್ಟಳು. ಮರಿತಾಯಮ್ಮ ಎದ್ದೇ ನಿಂತರು.

"ಇದ್ಯಾವ ಪಾಠ ಕಣವ್ವ? ಸರಸೋತಿನ ನೆಲುಕ್ ಹಾಕ್ತಾ ಕುಂತವ್ಳಲ್ಲ ಈ ಮಗ."

"ಅಜ್ಜಿ, ಇಟ್ಸ್ ಓಕೆ. ದಿಸ್ ಈಸ್ ಪ್ರಾಕ್ಟೀಸ್," ಎಂದಳು ಊರ್ಮಿಳಾ.

"ನೀ ಸುಮ್ಕಿರು." ಅಜ್ಜಿ ವೇದವತಿಯತ್ತ ತಿರುಗಿದರು. "ನಂಗೇನೋ ಇದು ಸರಿ ಕಾಣಾಕಿಲ್ಲ. ಇವ್ಳನ್ನ ಇನ್ನು ಕಳಿಸ್ಬ್ಯಾಡ ಅಂತ ನನ್ ಮಗಂಗೆ ಯೋಳ್ತೀನಿ."

ಮಗ ತಾಯಿಯ ಮಾತು ಮೀರುವವನಲ್ಲ. ಅದು ವೇದವತಿಯವರಿಗೂ ಗೊತ್ತು. ಆದರೂ ಸಮಾಧಾನದಿಂದಲೇ ಹೇಳಿದರು: "ಬಿಗಿಯಾಗಿ ಹಿಡಿದ್ರೆ ನಾದ ಬರಲ್ಲ ಅಮ್ಮ. ಬೀಳುತ್ತೆ ಅನ್ನೋ ಭಯ ಮೊದ್ಲು ಹೋಗ್ಬೇಕು. ಬಿದ್ರೆ ಏನೂ ಆಗಲ್ಲ."

"ಹಂಗಾರೆ ನಿಮ್ದೂ ಒಂದ್ಸಲ ಬೀಳ್ಸಿ, ನೋಡಾನ," ಎಂದು ಅಜ್ಜಿ ಗೋಡೆ ಪಕ್ಕದ ಪಿಟೀಲು ಪೆಟ್ಟಿಗೆ ತೋರಿಸಿದರು.

ವೇದವತಿ ಪೆಟ್ಟಿಗೆಯತ್ತ ನೋಡಿದರು. ಮಕ್ಕಳು ಬೀಳಿಸುತ್ತಿದ್ದುದೆಲ್ಲ ಕಲಿಕೆಗೆಂದು ತಂದಿಟ್ಟ ಕಮಾನು. ಪೆಟ್ಟಿಗೆಯಲ್ಲಿದ್ದುದು ಅಪ್ಪನದು. ಅದನ್ನು ಅವರು ಎಂದೂ ಬೀಳಿಸಿರಲಿಲ್ಲ, ಬೀಳಿಸುವ ಯೋಚನೆ ಕೂಡ ಸುಳಿದಿರಲಿಲ್ಲ. ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ ಎನ್ನುವುದು ಇಂಥದಕ್ಕೇ.

ಆದರೂ ಪೆಟ್ಟಿಗೆ ತೆರೆದು ಕಮಾನು ತೆಗೆದರು. ಚಕ್ಕಳಮಕ್ಕಳ ಹಾಕಿ ಕೂತು ಕೈ ಚಾಚಿದರು. ಬೆರಳು ಬಿಡಲೊಲ್ಲದು. ಊರ್ಮಿಳಾ ಅವರ ಪಕ್ಕಕ್ಕೆ ಸರಿದು, ಪ್ರತಿ ವಾರ ತನಗೆ ಅವರು ಹೇಳುವ ಧಾಟಿಯಲ್ಲೇ, "ಭುಜ ಇಳಿಸಿ ಆಂಟಿ. ಉಸಿರು ಬಿಡಿ," ಎಂದಳು. ಇಂಗ್ಲಿಷಿಲ್ಲದೆ ಅಷ್ಟು ಕನ್ನಡ ಅವಳ ಬಾಯಿಂದ ಬಂದದ್ದೇ ಅಪರೂಪ. ವೇದವತಿ ಉಸಿರು ಬಿಟ್ಟರು. ಕಮಾನು ಬಿತ್ತು.

ಆಕಾಶವೇನೂ ಕಳಚಿಬೀಳಲಿಲ್ಲ. ಎತ್ತಿ ಕಣ್ಣಿಗೊತ್ತಿಕೊಂಡು ಮತ್ತೆ ಬಿಟ್ಟರು. ಮತ್ತೊಮ್ಮೆ ಬಿಡುವಾಗ ಅವರಿಗೇ ನಗು ಬಂತು. ಆಮೇಲೆ ಪಿಟೀಲು ಎತ್ತಿಕೊಂಡು ಷಡ್ಜವನ್ನು ಉದ್ದಕ್ಕೆ ಎಳೆದರು. ಮಣಿಕಟ್ಟಿನ ಬಿಗಿ ಪೂರ್ತಿ ಬಿಟ್ಟಿತೆಂದರೆ ಸುಳ್ಳಾದೀತು. ಆದರೆ ಎಷ್ಟೋ ವರ್ಷಗಳ ಮೇಲೆ ಆ ಕೈಯಿಂದ ನೋವಿಲ್ಲದೆ ಒಂದು ಸ್ವರ ಬಂತು. ಮರಿತಾಯಮ್ಮ ಅದನ್ನು ನಿಂತೇ ಕೇಳಿದರು. ಕೊಟ್ಟ ಕಾಫಿಯನ್ನೂ ಮುಟ್ಟದೆ, ಮೊಮ್ಮಗಳ ಕೈ ಹಿಡಿದುಕೊಂಡು ಹೊರಟುಹೋದರು.

ಆ ವಾರವೆಲ್ಲ ವೇದವತಿಯವರಿಗೆ ಊಟ ಸೇರಲಿಲ್ಲ. "ಒಂದು ಫೋನ್ ಮಾಡಿ ಕೇಳ್ಬಾರ್ದಾ?" ಎಂದರು ಗುರುಪ್ರಸಾದ. ಇನ್ನು ಬರುವುದಿಲ್ಲ ಎಂದುಬಿಟ್ಟರೆ ಏನು ಮಾಡುವುದು ಎಂದು ವೇದವತಿಯವರಿಗೆ ಧೈರ್ಯವಾಗಲಿಲ್ಲ. ಶನಿವಾರ ಪಾಠದ ಹೊತ್ತು ಮೀರಿತು. ಉಳಿದ ಮಕ್ಕಳನ್ನು ಕೂರಿಸಿ ಶುರು ಮಾಡುವಷ್ಟರಲ್ಲಿ ಬೆಲ್ಲು ಹೊಡೆಯಿತು. ಬಾಗಿಲಲ್ಲಿ ಊರ್ಮಿಳಾ, ಅವಳ ಹಿಂದೆ ಕಂಕುಳಲ್ಲಿ ದೊಡ್ಡದೊಂದು ಗಂಟು ಹಿಡಿದ ಮರಿತಾಯಮ್ಮ. ಸೊಸೆಯ ಹಳೆಯ ಸೀರೆಗಳನ್ನು ಪದರ ಪದರವಾಗಿ ಸೇರಿಸಿ, ವಾರವೆಲ್ಲ ಕೂತು ಕೈಯಲ್ಲೇ ಹೊಲಿದ ಕೌದಿ. ಯಾರನ್ನೂ ಕೇಳದೆ ಅದನ್ನು ಕಾರ್ಪೆಟ್ಟಿನ ಮೇಲೆ ಹಾಸಿ, ಅಂಗೈಯಿಂದ ಸುಕ್ಕು ತೀಡಿದರು.

"ಆ ನೆಲ ಗಟ್ಟಿ ಅದೆ ಕಣವ್ವ," ಎಂದರು. "ಇದ್ರ ಮ್ಯಾಗೆ ಬೀಳ್ಸಿ, ಇಬ್ರೂವೆ."