ಬುಡ ನೋಡುತ್ತಿದ್ದ ಚಂದ್ರಮೌಳಿ ಸರ್

ಚಂದ್ರಮೌಳಿ ಸರ್ ಅವರನ್ನು ಮೊದಲ ಸಲ ಕಂಡವರು, ಯಾರೋ ಬಿದ್ದಿದ್ದಾರೆಂದು ಓಡಿಬರುತ್ತಿದ್ದರು. ಮಳೆ ಬಿಟ್ಟ ಮರುದಿನ ಕಾಲುವೆ ಏರಿಯ ಕೆಸರಿನಲ್ಲಿ ಬೋರಲಾಗಿ, ಕ್ಯಾಮೆರಾ ನೆಲಕ್ಕೊತ್ತಿ ಮಲಗಿರುತ್ತಿದ್ದರು. ಎದುರಿಗೆ ಹೆಬ್ಬೆರಳುದ್ದದ ಒಂದು ಅಣಬೆ. "ಏನಾತ್ರೀ?" ಎಂದರೆ, "ಸ್ವಲ್ಪ ಸರೀರಿ, ನಿಮ್ಮ ನೆರಳು ಬೀಳ್ತೈತೆ" ಎನ್ನುವರು.

ದಾವಣಗೆರೆಯಲ್ಲಿ ನನ್ನದೊಂದು ಫೋಟೋ ಸ್ಟುಡಿಯೋ. ಅಣಬೆಗಳ ವಿಜ್ಞಾನಿಯಾಗಿದ್ದ ಸರ್, ನಿವೃತ್ತರಾದ ಮೇಲೆ ಕ್ಯಾಮೆರಾ ಕಲಿಯಲು ಬಂದು ನನ್ನನ್ನೇ ಹೊಲಗದ್ದೆಗೆ ಎಳೆದರು. ಮದುಮಗಳ ಮುಖಕ್ಕೂ ನಾನು ಅಣಬೆಗೆ ಕಾದಷ್ಟು ಹೊತ್ತು ಬೆಳಕಿಗೆ ಕಾದವನಲ್ಲ. ಅಣಬೆಯ ಕೊಡೆಯ ಚಂದಕ್ಕೆ ನಾನು ಮರುಳಾದರೆ, "ಮೇಲೇನೈತ್ರೀ? ಬುಡ ತೆಗೀರಿ, ಬುಡ" ಎಂದು ಮಣ್ಣು ಕೆದರುವರು. ಬುಡ ಕಾಣದ ಚಿತ್ರ ಎಷ್ಟೇ ಸೊಗಸಾಗಿದ್ದರೂ ಅಳಿಸಿಬಿಡುವರು.

ಒಂದು ಭಾನುವಾರ ಬೆಳಿಗ್ಗೆ ಭಾನುವಳ್ಳಿಯ ಹತ್ತಿರ ಮರವೊಂದರ ಕೆಳಗೆ ಹಾಲುಬಿಳುಪಿನ ಅಣಬೆಗಳ ಗುಂಪು ಸಿಕ್ಕಿತು. ಸರ್ ಚಿತ್ರ ತೆಗೆಯುತ್ತಿದ್ದಾಗ ಹುಲ್ಲಿನ ಹೊರೆ ಹೊತ್ತ ಹೆಂಗಸೊಬ್ಬಳು ನಿಂತಳು.

"ಇವನ್ನೇ ರೀ ಮೊನ್ನೆ ನಮ್ಮ ಮಾವ ಪಲ್ಯ ಮಾಡಿಸ್ಕೊಂಡು ತಿಂದಿದ್ದು. ನಿನ್ನೆ ಪೂರ್ತಿ ವಾಂತಿ, ಭೇದಿ. ಈಗ ಆರಾಮಾಗ್ಯಾರೆ."

ಸರ್ ಎದ್ದು ಕೂತರು. "ಮತ್ಯಾರು ತಿಂದ್ರಮ್ಮ?"

"ಯಾರೂ ಇಲ್ರಿ. ನಮಗದು ಸೇರಲ್ಲ."

"ನಡೀರಿ, ಮನಿ ತೋರಿಸ್ರಿ."

ಅವಳ ಮಾವ ಬಸಪ್ಪ ಕಟ್ಟೆಯ ಮೇಲೆ ಕೂತು ಚಹಾ ಕುಡಿಯುತ್ತಿದ್ದ. ಸರ್ ಮೊದಲು ತಿಪ್ಪೆಗೆ ಹೋಗಿ, ಅಡುಗೆಗೆ ಹೆಚ್ಚುವಾಗ ಕತ್ತರಿಸಿ ಎಸೆದಿದ್ದ ಅಣಬೆ ತುಂಡುಗಳನ್ನು ಹೆಕ್ಕಿದರು. ಬುಡದಲ್ಲಿ ಸಣ್ಣ ಚೀಲದಂಥ ಪೊರೆಯಿತ್ತು, ಕೊಲ್ಲುವ ಜಾತಿಯ ಗುರುತು. ಅದನ್ನು ಅಂಗೈಯಲ್ಲಿಟ್ಟು ಚಿತ್ರ ತೆಗೆದು, ನೇರ ಕಟ್ಟೆಗೆ ಬಂದರು.

"ಆಸ್ಪತ್ರೆಗೆ ಏಳ್ರಿ ಬಸಪ್ಪಾರೆ."

"ಯಾಕ ಬರ್ಲಿ? ಹೊಟ್ಟಿ ತೊಳದಂಗಾತು, ಮುಗೀತು. ಗಟ್ಟಿ ಅದೀನಿ."

"ಈಗ ಆರಾಮ ಅನ್ಸೋದೇ ಮೋಸ ರೀ. ವಿಷ ಒಳಗೆ ಲಿವರ್ ತಿಂತಾ ಐತೆ."

ಬಸಪ್ಪ ನಕ್ಕ. ಒಳಗಿನಿಂದ ಬಂದ ಅವನ ಮಗ ಸಿಡುಕಿದ: "ಸುಮ್ನೆ ಹೆದರಿಸ್ಬ್ಯಾಡ್ರಿ ಸರ್. ಹೋಗ್ರಿ."

ಸರ್ ಹೋಗಲಿಲ್ಲ. ಕೆಸರು ಬಟ್ಟೆಯಲ್ಲೇ ನೆಲಕ್ಕೆ ಕೂತು ಬಸಪ್ಪನ ಎರಡೂ ಕಾಲು ಹಿಡಿದುಕೊಂಡರು. "ನನ್ನ ಮಾತು ಸುಳ್ಳಾದ್ರೆ ನಾನೇ ಕರ್ಕೊಂಡ್ಬಂದು ಬಿಡ್ತೀನಿ. ನಿಜ ಆದ್ರೆ ಏನ್ ಮಾಡ್ತೀರಿ?" ಬಸಪ್ಪ ಗಾಬರಿಯಿಂದ ಕಾಲೆಳೆದುಕೊಂಡು ಎದ್ದ. ಸೊಸೆ ಕಣ್ಣೊರೆಸಿಕೊಂಡು ಅವನ ಚಪ್ಪಲಿ ತಂದಿಟ್ಟಳು.

ಹರಿಹರದ ಆಸ್ಪತ್ರೆಯಲ್ಲಿ, ನಡೆದುಕೊಂಡೇ ಒಳಬಂದ ರೋಗಿಯನ್ನು ಕಂಡು ಡಾಕ್ಟರಿಗೂ ಅನುಮಾನ. ಸರ್ ಕ್ಯಾಮೆರಾದಲ್ಲಿ ಆ ಚೀಲವನ್ನು ದೊಡ್ಡದು ಮಾಡಿ ತೋರಿಸಿದರು. ಡಾಕ್ಟರ್ ಕೂಡಲೇ ರಕ್ತ ತೆಗೆಸಿದರು. ವರದಿ ಬರುತ್ತಲೇ ದಾವಣಗೆರೆಗೆ ಸಾಗಿಸಿದರು. ಸಂಜೆಯ ಹೊತ್ತಿಗೆ ಬಸಪ್ಪನ ಕಣ್ಣು ಅರಿಶಿನವಾಗಿತ್ತು, ಮಾತು ತೊದಲುತ್ತಿತ್ತು. ಮಗ ಗೋಡೆಗೊರಗಿ ನೆಲಕ್ಕೆ ಕೂತ. ಸರ್ ಅವನ ಪಕ್ಕದಲ್ಲೇ ಕೂತರು.

ಬಸಪ್ಪ ಹಾಸಿಗೆಯಿಂದೇಳಲು ವಾರಗಳೇ ಬೇಕಾದವು. ಅಷ್ಟೂ ಕಾಲ ಸರ್ ಕ್ಯಾಮೆರಾ ಹೊರತೆಗೆಯಲಿಲ್ಲ. "ಅವನು ಮನಿಗೆ ಹೋಗ್ಲಿ ತಡೀರಿ" ಎನ್ನುವರು.

ಕಳೆದ ಬೇಸಿಗೆಯಲ್ಲಿ ಸರ್ ಹೃದಯಾಘಾತದಿಂದ ತೀರಿಕೊಂಡರು. ಬಸಪ್ಪ ಮಗನ ಹೆಗಲು ಹಿಡಿದು ಮಣ್ಣಿಗೆ ಬಂದಿದ್ದ.

ಮೊದಲ ಮಳೆಯಾದ ಮೇಲೆ ಅವನ ಫೋನು ಬಂತು.

"ಹೊಲದ ಬದಿಗೆ ಎಂಥದೋ ಕೆಂಪು ಅಣಬಿ ಎದ್ದೈತೆ ರೀ. ಸುತ್ತ ಮುಳ್ಳು ಹಚ್ಚಿ, ದನ ತುಳೀದಂಗೆ ಕಾಯ್ತಾ ಕುಂತೀನಿ. ಇನ್ನ ಯಾರಿಗೆ ತೋರಿಸ್ಲಿ, ಹೇಳ್ರಿ?"